ಮನೇಲಿ ಮೊದಲ ಸಲ ಖಾರದ ಸ್ಕೋನ್: ಮೊಸರು, ಈರುಳ್ಳಿ, ಓಟಿಜಿ ಲೆಕ್ಕ ಹೇಳ್ತೀರಾ?

ಕುವೆಂಪುನಗರ_ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ಸಿಹಿ ಇಲ್ಲದ, ಚೀಸ್ ಮತ್ತು ಹಸಿಮೆಣಸಿನಕಾಯಿ ಹಾಕಿದ ಸ್ಕೋನ್ (ಬ್ರಿಟಿಷರ ಪುಟ್ಟ ಬನ್ನಿನಂಥ ತಿಂಡಿ) ಮಾಡಬೇಕು ಅಂತಿದೀನಿ. ಓವನ್‌ನಲ್ಲಿ ಕೇಕ್ ಬಿಟ್ಟು ಬೇರೆ ಏನೂ ಅಭ್ಯಾಸ ಇಲ್ಲ. ಇರೋದು 19 ಲೀಟರಿನ ಓಟಿಜಿ (ಓವನ್-ಟೋಸ್ಟರ್-ಗ್ರಿಲ್, ಕರೆಂಟಿನ ಸಣ್ಣ ಓವನ್), ಮೇಲೆ ಎರಡು ಕೆಳಗೆ ಎರಡು ಬಿಸಿಯಾಗೋ ಕಡ್ಡಿ, ಫ್ಯಾನ್ ಇಲ್ಲ. ಡಿಜಿಟಲ್ ತಕ್ಕಡಿ ಇದೆ. ಮೊಟ್ಟೆ ಬೇಡ.

ಗೊಂದಲ ಇರೋದು ಇಷ್ಟು. ನೋಡಿದ ಕಡೆಯೆಲ್ಲ ಬಟರ್‌ಮಿಲ್ಕ್ ಹಾಕಿ ಅಂತಾರೆ, ನಮ್ಮ ಮಜ್ಜಿಗೆ ಸುರಿದರೆ ಆಗುತ್ತಾ? ಉಪ್ಪಿರೋ ಬೆಣ್ಣೆ ನಡೆಯುತ್ತಾ? ಈರುಳ್ಳಿ ಹಸಿದೋ ಹುರಿದಿದ್ದೋ? ಸ್ಟೀಲ್ ಲೋಟದಲ್ಲಿ ಕತ್ತರಿಸಬಹುದಾ? ಎಷ್ಟು ಡಿಗ್ರಿ, ಎಷ್ಟು ಹೊತ್ತು? ಇನ್ನೊಂದು, "ಇದಕ್ಕಿಂತ ಬೇಕರಿ ಖಾರಾ ಬನ್ ತಂದರೆ ಆಗಲ್ವಾ" ಅಂತ ಮನೇಲಿ ಕೇಳ್ತಿದಾರೆ. ಅದಕ್ಕೂ ಒಂದು ಉತ್ತರ ಕೊಡಿ!

ಹಿಟ್ಟು_ತಕ್ಕಡಿ:

ಮನೆಯವರಿಗೆ ಮೊದಲು ಉತ್ತರ. ಖಾರಾ ಬನ್ ಈಸ್ಟ್ ಹಾಕಿ, ಚೆನ್ನಾಗಿ ನಾದಿ, ಹುದುಗು ಬರಲು ಬಿಟ್ಟು ಮಾಡುವಂಥದ್ದು. ಸ್ಕೋನ್‌ನಲ್ಲಿ ಈಸ್ಟ್ ಇಲ್ಲ, ನಾದುವುದು ಇಲ್ಲವೇ ಇಲ್ಲ, ಕಾಯುವುದೂ ಇಲ್ಲ. ಉಬ್ಬು ಬರುವುದು ಬೇಕಿಂಗ್ ಪೌಡರಿನಿಂದ, ಒಳಗಿನ ಪದರು ಬರುವುದು ತಣ್ಣನೆಯ ಬೆಣ್ಣೆಯಿಂದ. ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತಿಗೆ ಇದು ಹೆಚ್ಚು ಹತ್ತಿರದ ಸಂಬಂಧಿ, ಆದರೆ ಬೆಣ್ಣೆ ಕಡಿಮೆ, ನೀರಿನಂಶ ಜಾಸ್ತಿ. ಆದ್ದರಿಂದ ಹೊರಗೆ ಗರಿ, ಒಳಗೆ ಮೆತ್ತಗೆ. ಬೆಣ್ಣೆ, ಮೈದಾ ತಣ್ಣಗಾಗುವ ಹೊತ್ತು ಬಿಟ್ಟರೆ, ಹಿಟ್ಟು ತೂಗುವುದರಿಂದ ತಟ್ಟೆಗೆ ಬರುವ ತನಕ ಮುಕ್ಕಾಲು ಗಂಟೆ.

8 ತುಂಡಿನ ಲೆಕ್ಕ: ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ತಲೆ ಸವರಿದ 3 ಟೀ ಚಮಚ ಅಂದರೆ ಸುಮಾರು 12 ಗ್ರಾಂ, ಬೆಣ್ಣೆ 60 ಗ್ರಾಂ, ತುರಿದ ಚೀಸ್ 75 ಗ್ರಾಂ, ತಣ್ಣನೆಯ ಹಾಲು 120ರಿಂದ 130 ಮಿಲಿ. ಉಪ್ಪಿನ ಬೆಣ್ಣೆ ಧಾರಾಳವಾಗಿ ನಡೆಯುತ್ತದೆ. ಅದರಲ್ಲೂ ಚೀಸ್‌ನಲ್ಲೂ ಉಪ್ಪು ಇರುವುದರಿಂದ ಬೇರೆ ಉಪ್ಪು ಕಾಲು ಟೀ ಚಮಚ ಸಾಕು. ಉಪ್ಪಿಲ್ಲದ ಬೆಣ್ಣೆಯಾದರೆ ಅರ್ಧ ಟೀ ಚಮಚ.

ಮಜ್ಜಿಗೆ ವಿಷಯ. ಆ ಪಾಕಗಳವರು ಬಳಸುವುದು ಗಟ್ಟಿಯಾದ, ಹುಳಿಯಾದ ಪದಾರ್ಥ. ನಮ್ಮ ಕಡೆದ ಮಜ್ಜಿಗೆಯಲ್ಲಿ ಬಹುಪಾಲು ನೀರೇ. ಅದೇ ಅಳತೆಗೆ ಸುರಿದರೆ ಬೋಂಡಾ ಹಿಟ್ಟಿನ ಹದವಾಗುತ್ತದೆ, ಓವನ್‌ನಲ್ಲಿ ಹರಡಿಕೊಂಡು ಚಪ್ಪಟೆಯಾಗುತ್ತದೆ. ಪ್ಯಾಕೆಟ್ ಮಸಾಲೆ ಮಜ್ಜಿಗೆಯಂತೂ ಬೇಡವೇ ಬೇಡ. ಹುಳಿ ಬೇಕೆಂದರೆ 90 ಗ್ರಾಂ ಗಟ್ಟಿ ಮೊಸರಿಗೆ 40 ಮಿಲಿ ಹಾಲು ಕದಡಿ. ಆಗ ಬೇಕಿಂಗ್ ಪೌಡರನ್ನು 2 ಟೀ ಚಮಚಕ್ಕೆ ಇಳಿಸಿ, ಅಡುಗೆ ಸೋಡಾ ಕಾಲು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಸೇರಿಸಿ. ಸೋಡಾ ಮೊಸರಿನ ಹುಳಿಯ ಜೊತೆ ಸರಿಹೋಗುವಷ್ಟೇ ಇರಬೇಕು. ಮಿಕ್ಕಿದ್ದು ಸೋಪಿನ ರುಚಿ ಕೊಡುತ್ತದೆ. ಮೊಸರು ಸಿಹಿಯಾಗಿದ್ದರೆ ಸೋಡಾ ತಂಟೆಗೇ ಹೋಗಬೇಡಿ, ಪೂರ್ತಿ 3 ಚಮಚ ಬೇಕಿಂಗ್ ಪೌಡರ್ ಹಾಕಿ.

ಈಗ ಕೆಲಸ. ಮೈದಾ, ಬೇಕಿಂಗ್ ಪೌಡರ್, ಉಪ್ಪು ಒಟ್ಟಿಗೆ ಎರಡು ಸಲ ಜರಡಿ ಹಿಡಿದು 20 ನಿಮಿಷ ಫ್ರಿಜ್‌ನಲ್ಲಿಡಿ. ಬೆಣ್ಣೆಯನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ತುರಿಮಣೆಯ ದೊಡ್ಡ ಕಣ್ಣಿನಲ್ಲಿ ನೇರ ಮೈದಾ ಮೇಲೆಯೇ ತುರಿಯಿರಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಆಸುಪಾಸಿನಲ್ಲಿ. ಏಪ್ರಿಲ್‌ನಲ್ಲಿ ಮೈಸೂರಿನ ಅಡುಗೆಮನೆಯೇ ಅಷ್ಟು ಬಿಸಿ ಇರುತ್ತದೆ, ಕೈಯ ಬಿಸಿ ಬೇರೆ. ಅದಕ್ಕೇ ಇಷ್ಟು ಉಪಚಾರ. ಬೆರಳ ತುದಿಯಲ್ಲಿ ಮಾತ್ರ ಉಜ್ಜಿ, ಅಂಗೈ ತಾಗಿಸಬೇಡಿ. ದಪ್ಪ ರವೆಯ ಹಾಗೆ ಉದುರಬೇಕು, ನಡುನಡುವೆ ಬಟಾಣಿಗಿಂತ ಸಣ್ಣ ಬೆಣ್ಣೆ ಚೂರು ಕಾಣಿಸಬೇಕು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರಿದೆ. ಓವನ್ ಬಿಸಿಗೆ ಆ ಚೂರು ಕರಗಿ, ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ. ಮೊದಲೇ ಕರಗಿ ಮೈದಾಗೆ ಹೀರಿಹೋಗಿದ್ದರೆ ಎತ್ತಲು ಏನೂ ಉಳಿದಿರುವುದಿಲ್ಲ, ಜಿಡ್ಡಾದ ಗಟ್ಟಿ ಮುದ್ದೆ ಬರುತ್ತದೆ.

ಚೀಸ್ ಮತ್ತು ಉಳಿದ ಸಾಮಾನು ಸೇರಿಸಿ, ಹಾಲಿನಲ್ಲಿ ಎರಡು ದೊಡ್ಡ ಚಮಚ ಹಿಂದಕ್ಕಿಟ್ಟು ಮಿಕ್ಕಿದ್ದನ್ನು ಒಟ್ಟಿಗೇ ಸುರಿದು, ಊಟದ ಚಾಕುವಿನಲ್ಲಿ ಅರ್ಧ ನಿಮಿಷ ಕಲಸಿ. ಪಾತ್ರೆಯ ತಳದಲ್ಲಿ ಒಣಹಿಟ್ಟು ಉಳಿದಿದ್ದರೆ ಮಾತ್ರ ಇಟ್ಟುಕೊಂಡ ಹಾಲು. ಹದ ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ತುಸು ಅಂಟುವಂತಿರಬೇಕು, ನೋಡಲು ಒರಟಾಗಿಯೇ ಇರಬೇಕು. ಮಣೆಗೆ ಮೈದಾ ಉದುರಿಸಿ, ಒತ್ತಿ ಮಡಚಿ, ಮತ್ತೆ ಒತ್ತಿ ಮಡಚಿ, ಮೂರು ಸಲ ಸಾಕು. ನಮ್ಮ ಕೈಗೆ ನಾದುವುದು ಅಭ್ಯಾಸ, ಆ ಅಭ್ಯಾಸವೇ ಇಲ್ಲಿ ಶತ್ರು. ನಾದಿದಷ್ಟೂ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಅಂಶ) ಬಿಗಿಯುತ್ತದೆ, ಸ್ಕೋನ್ ಎಳೆದರೆ ಬರುತ್ತದೆಯೇ ಹೊರತು ಮುರಿಯುವುದಿಲ್ಲ.

ಕೈಯಲ್ಲೇ ತಟ್ಟಿ 15–16 ಸೆಂಟಿಮೀಟರ್ ಅಗಲದ, ಎರಡೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ, ಹರಿತ ಚಾಕುವಿನಿಂದ ನೇರವಾಗಿ ಒತ್ತಿ 8 ತ್ರಿಕೋನ ಮಾಡಿ. ಮೇಲ್ಮೈಗೆ ಮಾತ್ರ ಹಾಲು ಸವರಿ. ಬದಿಗೆ ಹಾಲು ಇಳಿದರೆ ಅಂಟಿಕೊಂಡು ಏರಲು ಬಿಡುವುದಿಲ್ಲ. ಸ್ಟೀಲ್ ಲೋಟದ ಅಂಚು ಮಡಚಿ ದುಂಡಾಗಿರುತ್ತದೆ. ಅದು ಕತ್ತರಿಸುವುದಿಲ್ಲ, ಅಮುಕುತ್ತದೆ. ತಳ ಮುಚ್ಚಿರುವುದರಿಂದ ಗಾಳಿ ಬೇರೆ ಸಿಕ್ಕಿಕೊಳ್ಳುತ್ತದೆ. ದುಂಡಗೆ ಬೇಕೇ ಬೇಕೆಂದರೆ ಎರಡೂ ಕಡೆ ತೆರೆದ ತೆಳು ತಗಡಿನ ಬಳೆ ತನ್ನಿ, ತಿರುಚದೆ ಒತ್ತಿ ಎತ್ತಿ.

ಮದ್ದೂರ್_ಒಗ್ಗರಣೆ:

ಈರುಳ್ಳಿ ಬಗ್ಗೆ ನಾನು ಹೇಳ್ತೀನಿ. ಮದ್ದೂರು ವಡೆಗೆ ಹಸಿ ಈರುಳ್ಳಿಗೆ ಉಪ್ಪು ಹಾಕಿ ಕಿವುಚಿ, ಅದು ಬಿಟ್ಟ ನೀರಲ್ಲೇ ಹೆಚ್ಚುಕಡಿಮೆ ರವೆ, ಮೈದಾ, ಅಕ್ಕಿಹಿಟ್ಟು ಕಲಸ್ತೀವಿ. ಅಲ್ಲಿ ತೆಳ್ಳಗೆ ತಟ್ಟಿ ಎಣ್ಣೆಗೆ ಬಿಡೋದ್ರಿಂದ ಆ ನೀರೆಲ್ಲ ಹಾರಿಹೋಗುತ್ತೆ. ಇದು ಒಂದು ಇಂಚು ದಪ್ಪ. ನೀರು ಹೋಗೋಕೆ ದಾರಿ ಇಲ್ಲ, ಈರುಳ್ಳಿ ಸುತ್ತ ಹಸಿಹಿಟ್ಟು ಹಾಗೇ ಉಳಿಯುತ್ತೆ. ಅದಕ್ಕೆ ಹುರಿದೇ ಹಾಕಿ. ಹೆಚ್ಚಿದ ಈರುಳ್ಳಿ 80 ಗ್ರಾಂ ತಗೊಂಡು, ಒಂದು ಟೀ ಚಮಚ ಎಣ್ಣೆಗೆ ಸಾಸಿವೆ ಸಿಡಿಸಿ, ಕರಿಬೇವು, ಸಣ್ಣಗೆ ಹೆಚ್ಚಿದ 2 ಹಸಿಮೆಣಸಿನಕಾಯಿ, ಚಿಟಿಕೆ ಇಂಗು ಹಾಕಿ, ಈರುಳ್ಳಿ ಅಂಚು ಕೆಂಪಾಗೋವರೆಗೂ ಹುರೀರಿ. ತೂಗಿದ್ರೆ 45–50 ಗ್ರಾಂ ಆಗಿರಬೇಕು. ಆರಿಸಿ, ಆಮೇಲೆ ಫ್ರಿಜ್‌ನಲ್ಲೂ ಹತ್ತು ನಿಮಿಷ ಇಡಿ. ಉಗುರುಬೆಚ್ಚಗಿನ ಒಗ್ಗರಣೆ ಹಾಕಿದ್ರೆ ಮೇಲಿನವರು ಹೇಳಿದ ಬೆಣ್ಣೆ ಉಪಚಾರ ಎಲ್ಲ ನೀರುಪಾಲು.

ಸಬ್ಬಸಿಗೆ ಸೊಪ್ಪು ಚೀಸ್ ಜೊತೆ ಬಹಳ ಚೆನ್ನಾಗಿ ಹೊಂದುತ್ತೆ, ನನ್ನ ಕೇಳಿದ್ರೆ ಕೊತ್ತಂಬರಿಗಿಂತ ಮೇಲು. ದಂಟು ಬಿಡಿಸಿ, ಎಲೆ 15–20 ಗ್ರಾಂ ಸಾಕು. ತೊಳೆದ ಮೇಲೆ ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ. ಒದ್ದೆ ಸೊಪ್ಪಿಂದ ಎರಡು ಚಮಚ ನೀರು ಗೊತ್ತಾಗದಂಗೆ ಒಳಗೆ ಹೋಗಿಬಿಡುತ್ತೆ. ಮೆಂತ್ಯದ ಸೊಪ್ಪು ಆದ್ರೆ ಬಾಡಿಸಿ ಹಾಕಿ.

ಇನ್ನೊಂದು ಎಚ್ಚರ. ಮೊಸರು-ಸೋಡಾ ಲೆಕ್ಕದಲ್ಲಿ ಮಾಡೋರು ಅರಿಶಿನ ಹಾಕಬೇಡಿ. ಸೋಡಾ ಒಂಚೂರು ಜಾಸ್ತಿ ಆದ್ರೂ ಅರಿಶಿನ ಕೆಂಪಗೆ ತಿರುಗಿ ಸ್ಕೋನ್ ಮೈಯೆಲ್ಲ ಇಟ್ಟಿಗೆ ಬಣ್ಣದ ಚುಕ್ಕೆ ಬೀಳುತ್ತೆ. ಕೆಟ್ಟಿಲ್ಲ, ತಿನ್ನಬಹುದು, ಆದ್ರೆ ನೋಡೋಕೆ ಆಗಲ್ಲ.

ಚೀಸ್ ಕ್ಯೂಬ್ 25 ಗ್ರಾಂನದಾದ್ರೆ 3 ಬೇಕು. ಸಂಸ್ಕರಿಸಿದ ಚೀಸ್ ಕರಗಿ ಹರಿಯಲ್ಲ, ಅಲ್ಲಲ್ಲೇ ಮೆತ್ತಗೆ ಕೂರುತ್ತೆ. ರುಚಿ ಎದ್ದು ಕಾಣಬೇಕು ಅಂದ್ರೆ ಹೆಚ್ಚು ಕಾಲ ಮಾಗಿಸಿದ ಚೆಡ್ಡಾರ್ ಚೀಸ್ ತಗೊಳ್ಳಿ, ಜೊತೆಗೆ ಅರ್ಧ ಟೀ ಚಮಚ ಸಾಸಿವೆ ಪುಡಿ. ಪನೀರ್ ಬೇಡ. ಅದು ಕರಗೋದೂ ಇಲ್ಲ, ಉಪ್ಪೂ ಇಲ್ಲ.

ಕಡ್ಡಿ_ಕೆಂಪಾಗಲಿ:

ಇಬ್ಬರೂ ಹಿಟ್ಟಿನ ವಿಷಯ ಸರಿಯಾಗೇ ಹೇಳಿದಾರೆ. ಆದ್ರೆ ಒಳ್ಳೇ ಹಿಟ್ಟನ್ನ ತಣ್ಣನೆ ಓಟಿಜಿಗೆ ಇಟ್ಟರೆ ಎಲ್ಲ ವ್ಯರ್ಥ. ಕಡ್ಡಿ ಕೆಂಪಾದ ತಕ್ಷಣ ಬಿಸಿ ಆಯ್ತು ಅಂದ್ಕೋಬೇಡಿ. ಒಳಗಿನ ಗೋಡೆ, ತಂತಿ, ಗಾಳಿ ಎಲ್ಲ ಕಾಯಬೇಕು. 220 ಡಿಗ್ರಿಗೆ ಇಟ್ಟು, ಮೇಲೆ-ಕೆಳಗೆ ಎರಡೂ ಕಡ್ಡಿ ಹಾಕಿ, 15ರಿಂದ 20 ನಿಮಿಷ ಕಾಯಿಸಿ. ಓಟಿಜಿ ಡಯಲ್‌ನ ಪೂರ್ತಿ ನಂಬೋಕಾಗಲ್ಲ. ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ಸಾಮಾನ್ಯ. ಒಳಗೆ ನೇತುಹಾಕೋ ಓವನ್ ಥರ್ಮಾಮೀಟರ್ ಒಂದು ತಗೊಂಡ್ರೆ ಎಲ್ಲ ಬೇಕಿಂಗಿಗೂ ಉಪಯೋಗ.

ತಟ್ಟೆ ನಡು ಅಂತಸ್ತಿಗೆ. 19 ಲೀಟರಲ್ಲಿ ಮೇಲಿನ ಕಡ್ಡಿ ತುಂಬ ಹತ್ತಿರ ಇರುತ್ತೆ, ಸ್ಕೋನ್ ಎದ್ದ ಮೇಲೆ ಇನ್ನೂ ಹತ್ತಿರ ಆಗುತ್ತೆ. ಹಾಗಾಗಿ 8–9 ನಿಮಿಷಕ್ಕೆ ಗಾಜಿನಿಂದಲೇ ನೋಡಿ. ಮೇಲೆ ಬಣ್ಣ ಬಂದುಬಿಟ್ಟಿದ್ರೆ ಫಾಯಿಲ್ ಸಡಿಲವಾಗಿ ಮುಚ್ಚಿ, ಅಥವಾ ಬರೀ ಕೆಳಗಿನ ಕಡ್ಡಿಗೆ ತಿರುಗಿಸಿ. ಅದಕ್ಕಿಂತ ಮುಂಚೆ ಬಾಗಿಲು ತೆಗೀಬೇಡಿ. ಆ ಮೊದಲ ಏಳೆಂಟು ನಿಮಿಷದಲ್ಲೇ ಅದು ಎದ್ದು ನಿಲ್ಲೋದು, ಬಿಸಿ ಹೊರಗೆ ಹೋದ್ರೆ ಅರ್ಧಕ್ಕೇ ಕೂತುಬಿಡುತ್ತೆ. ಒಟ್ಟು 14ರಿಂದ 17 ನಿಮಿಷ. ಆಯ್ತು ಅನ್ನೋಕೆ ಗುರುತು: ಬದಿ ಒತ್ತಿದ್ರೆ ವಾಪಸ್ ಬರಬೇಕು, ತಳ ಕಂದು ಬಣ್ಣ ಇರಬೇಕು, ತಟ್ಟಿದ್ರೆ ಪೊಳ್ಳು ಸದ್ದು ಬರಬೇಕು. ಚುಚ್ಚೋ ಥರ್ಮಾಮೀಟರ್ ಇದ್ರೆ ನಡುವೆ 94–95 ಡಿಗ್ರಿ.

ಕಪ್ಪು ತಟ್ಟೆ ತಳ ಸೀಯಿಸುತ್ತೆ. ಬೇಕಿಂಗ್ ಪೇಪರ್ ಹಾಸಿ, ಆಗಲೂ ಸೀದ್ರೆ ಒಂದರ ಕೆಳಗೆ ಇನ್ನೊಂದು ತಟ್ಟೆ ಇಡಿ. ತುಂಡುಗಳ ಮಧ್ಯೆ ಬೆರಳು ಅಗಲ ಜಾಗ ಬಿಟ್ರೆ ಸಾಕು. ಹತ್ತಿರ ಇದ್ರೆ ಒಂದಕ್ಕೊಂದು ಆಸರೆಯಾಗಿ ನೇರ ಮೇಲೇಳುತ್ತೆ, ಬದಿ ಮೆತ್ತಗಿರುತ್ತೆ. ದೂರ ಇಟ್ರೆ ಬದಿಯೂ ಗರಿಯಾಗುತ್ತೆ, ಎತ್ತರ ಸ್ವಲ್ಪ ಕಮ್ಮಿ.

ಮೈಕ್ರೋವೇವ್‌ನ ಕನ್ವೆಕ್ಷನ್‌ನಲ್ಲಿ ಮಾಡೋರು 200ಕ್ಕೆ ಇಡಿ, ಫ್ಯಾನ್ ಇರೋದ್ರಿಂದ ಅಷ್ಟು ಸಾಕು, ದಪ್ಪ ಎರಡು ಸೆಂಟಿಮೀಟರ್‌ಗೆ ಇಳಿಸಿ.

ಕರೆಂಟ್ ವಿಚಾರ ಯಾರೂ ಹೇಳಲ್ಲ. 1,400 ವ್ಯಾಟ್ ಓಟಿಜಿ 230 ವೋಲ್ಟ್‌ನಲ್ಲಿ 6 ಆಂಪಿಯರ್ ದಾಟುತ್ತೆ, ಫ್ರಿಜ್-ಮಿಕ್ಸಿಯ ಸಣ್ಣ ಸಾಕೆಟ್‌ಗೆ ಹಾಕಬೇಡಿ, 16 ಆಂಪಿಯರ್ ಪಾಯಿಂಟ್ ಬೇಕು. ಬೇಯೋವಾಗ ಕರೆಂಟ್ ಹೋದ್ರೆ ಬಾಗಿಲು ಮುಟ್ಟಬೇಡಿ. ಹತ್ತು ನಿಮಿಷ ಆಗಿದ್ರೆ ಒಳಗಿನ ಬಿಸಿಯಲ್ಲೇ ಬಹುತೇಕ ಬೆಂದುಹೋಗುತ್ತೆ. ಇನ್ನೂ ಇಡದೇ ಇದ್ರೆ ಕತ್ತರಿಸಿದ ತುಂಡುಗಳನ್ನ ತಟ್ಟೆ ಸಮೇತ ಫ್ರಿಜ್‌ಗೆ ತಳ್ಳಿ, ಡಬಲ್ ಆಕ್ಷನ್ ಬೇಕಿಂಗ್ ಪೌಡರ್ (ಕಲಸಿದಾಗ ಒಮ್ಮೆ, ಬಿಸಿ ತಾಗಿದಾಗ ಮತ್ತೊಮ್ಮೆ ಉಬ್ಬಿಸೋದು) ಒಂದು ಗಂಟೆ ತಾಳುತ್ತೆ. ಸೋಡಾ-ಮೊಸರು ಹಿಟ್ಟು ಅಷ್ಟು ತಾಳಲ್ಲ.

ಪಾಂಡವಪುರ_ಪಾಕಶಾಲೆ:

ನಡುವೆ ಬಂದೆ, ಕ್ಷಮಿಸಿ. ನಮ್ಮಲ್ಲಿ ಓವನ್ನೇ ಇಲ್ಲ. ಕುಕ್ಕರ್‌ಗೆ ಉಪ್ಪು ಹಾಕಿ ಕೇಕ್ ಮಾಡೋ ಹಾಗೆ ಇದನ್ನೂ ಮಾಡಬಹುದಾ? ಮೈದಾ ಬದಲು ರಾಗಿ? ಬೇಕಿಂಗ್ ಪೌಡರ್ ಬದಲು ಇನೋ?

ಕಾವಲಿ_ಕೈಚಳಕ:

ಕುಕ್ಕರ್‌ನಲ್ಲಿ ಬೇಯುತ್ತೆ, ಆದರೆ ಮೇಲಿಂದ ಶಾಖ ಇಲ್ಲದ ಕಾರಣ ಮೇಲ್ಮೈ ಬಿಳಿಚಿಕೊಂಡು ಕಡುಬಿನ ಹಾಗೆ ಉಳಿಯುತ್ತೆ. ಅದಕ್ಕಿಂತ ದೋಸೆ ಕಾವಲಿ ತೆಗೀರಿ. ಇದೇನೂ ರಾಜಿ ಅಲ್ಲ. ಸ್ಕಾಟ್‌ಲೆಂಡಿನಲ್ಲಿ ಒಲೆ ಮೇಲಿನ ಕಬ್ಬಿಣದ ಕಾವಲಿಯಲ್ಲಿ ಸ್ಕೋನ್ ಸುಡೋದು ಹಳೆಯ ಪದ್ಧತಿ.

ಅದೇ ಹಿಟ್ಟು, ಆದರೆ ದಪ್ಪ ಒಂದು ಸೆಂಟಿಮೀಟರ್, ಹೆಚ್ಚೆಂದರೆ ಒಂದೂಕಾಲು. ಎರಡೂವರೆ ಇಟ್ಟರೆ ತಳ ಸೀದು ನಡು ಹಸಿ. ಚೀಸ್ ಅರ್ಧ ಮಾಡಿ, ಕಾವಲಿಗೆ ತಾಗಿದ ಚೀಸ್ ಬೇಗ ಕರಕಾಗುತ್ತೆ. ದಪ್ಪ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಒಂದು ಚಿಟಿಕೆ ಮೈದಾ ಉದುರಿಸಿ ನೋಡಿ. ಒಂದು ನಿಮಿಷದಲ್ಲಿ ತಿಳಿ ಕಂದು ಆದರೆ ಶಾಖ ಸರಿ, ತಕ್ಷಣ ಕಪ್ಪಾದರೆ ಜಾಸ್ತಿ. ಎಣ್ಣೆ ಬೇಡ, ಸವರಿ ಒರೆಸಿದ ಜಿಡ್ಡು ಸಾಕು. ಮೊದಲ ಬದಿ ಮುಚ್ಚಳ ಮುಚ್ಚಿ 5–6 ನಿಮಿಷ, ತಿರುಗಿಸಿ ಮುಚ್ಚಳ ಇಲ್ಲದೆ 5 ನಿಮಿಷ, ಆಮೇಲೆ ಬದಿಗಳನ್ನ ಒರಗಿಸಿಟ್ಟು ತೇವ ಹೋಗೋ ತನಕ ಸುಡಿ.

ರಾಗಿ ಹಾಕಬಹುದು, ಪೂರ್ತಿ ಬೇಡ. 250 ಗ್ರಾಂನಲ್ಲಿ 50–60 ಗ್ರಾಂ ರಾಗಿಹಿಟ್ಟು, ಮಿಕ್ಕಿದ್ದು ಮೈದಾ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅದಕ್ಕಿಂತ ಹೆಚ್ಚಾದರೆ ಉಬ್ಬಿದ್ದು ನಿಲ್ಲದೆ ಪುಡಿಪುಡಿ ಆಗುತ್ತೆ. ಹಾಲು 15–20 ಮಿಲಿ ಜಾಸ್ತಿ ಬೇಕು, ಕಲಸಿ ಐದು ನಿಮಿಷ ಬಿಟ್ಟು ತಟ್ಟಿ. ಗೋಧಿಹಿಟ್ಟಾದರೆ ಅರ್ಧಕ್ಕರ್ಧ ಹಾಕಬಹುದು, ಅದಕ್ಕೂ ಹಾಲು ಅಷ್ಟೇ ಹೆಚ್ಚಿಸಿ. ಇನೋ ಬೇಡ. ಅದರಲ್ಲಿರೋ ಸೋಡಾ ಮತ್ತು ಹುಳಿ ನೀರು ತಾಗಿದ ಕೂಡಲೇ ಬುಸ್ ಅಂದು ಮುಗಿಸಿಬಿಡುತ್ತೆ. ಢೋಕ್ಲಾಗೆ ಅದೇ ಬೇಕು, ಹಬೆಗೆ ಇಡೋ ಮುಂಚೆ ಹಾಕೋದು. ಇಲ್ಲಿ ಮಡಚಿ, ತಟ್ಟಿ, ಕತ್ತರಿಸೋ ಹೊತ್ತಿಗೆ ಗಾಳಿ ಹೊರಟುಹೋಗಿರುತ್ತೆ.

ಕುವೆಂಪುನಗರ_ಅಡುಗೆಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ. ಇನ್ನೆರಡು ಕೇಳಿ ನಿಲ್ಲಿಸ್ತೀನಿ. ಮನೇಲಿ ಕಡೆದ ಬೆಣ್ಣೆ ಇದೆ, ಅದು ಆಗುತ್ತಾ? ರಾತ್ರಿಯೇ ತಯಾರು ಮಾಡಿಟ್ಟು ಬೆಳಿಗ್ಗೆ ಬಿಸಿಬಿಸಿ ಸುಡೋಕೆ ದಾರಿ ಇದೆಯಾ? ಊಟಿಯಲ್ಲಿರೋ ನಾದಿನಿಗೂ ಇದೇ ಲೆಕ್ಕ ಕಳಿಸಬಹುದಾ?

ಮದ್ದೂರ್_ಒಗ್ಗರಣೆ:

ಅದು ಎರಡಲ್ಲ, ಮೂರಾಯ್ತು. ನಾದಿನಿ ಲೆಕ್ಕ ಕಡ್ಡಿಯವರಿಗೆ ಬಿಟ್ಟೆ.

ಕಡ್ಡಿ_ಕೆಂಪಾಗಲಿ:

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಮಂಡ್ಯ ಇನ್ನೂ ತಗ್ಗು. ಇಲ್ಲಿ ಏನೂ ಬದಲಾಯಿಸಬೇಕಿಲ್ಲ. ಊಟಿ 2,200 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಕಮ್ಮಿ, ಅದೇ ಬೇಕಿಂಗ್ ಪೌಡರ್ ಅತಿಯಾಗಿ ಉಬ್ಬಿಸಿ ಆಮೇಲೆ ಕುಸಿಯೋ ಹಾಗೆ ಮಾಡುತ್ತೆ. 3 ಚಮಚದ ಬದಲು 2ರಿಂದ ಎರಡೂಕಾಲು ಹಾಕಲಿ, ಹಾಲು ಒಂದು ದೊಡ್ಡ ಚಮಚ ಹೆಚ್ಚು.

ಹಿಟ್ಟು_ತಕ್ಕಡಿ:

ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಅಡಗಿರುತ್ತದೆ. ತಣ್ಣೀರಿನಲ್ಲಿ ನೀರು ತಿಳಿಯಾಗುವ ತನಕ ತೊಳೆದು, ಹಿಂಡಿ, ಚಪ್ಪಟೆ ಬಿಲ್ಲೆ ಮಾಡಿ ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ. 65 ಗ್ರಾಂ ತೆಗೆದುಕೊಂಡು ಹಾಲನ್ನು 10 ಮಿಲಿ ಕಡಿಮೆ ಮಾಡಿ, ಉಪ್ಪು ಅರ್ಧ ಚಮಚ. ತುಪ್ಪವೇ ಇರುವುದಾದರೆ 50 ಗ್ರಾಂ, ಫ್ರಿಜ್‌ನಲ್ಲಿ ಹೆಪ್ಪುಗಟ್ಟಿದ್ದು. ನೀರಿನಂಶವಿಲ್ಲದ್ದರಿಂದ ಪದರು ಕಡಿಮೆ, ಮರಳು ಮರಳಾಗಿ ಮುರಿಯುತ್ತದೆ. ಖಾರಾ ಬಿಸ್ಕತ್ತು ಇಷ್ಟಪಡುವವರಿಗೆ ಅದೂ ಹಿಡಿಸಬಹುದು. ಡಾಲ್ಡಾ ಬೇಸಿಗೆಯಲ್ಲಿ ಬೇಗ ಕರಗುವುದಿಲ್ಲ ನಿಜ, ಆದರೆ ಬಾಯಿಯ ಅಂಗುಳಕ್ಕೆ ಮೇಣ ಹತ್ತಿದಂತಾಗುತ್ತದೆ. ನಾನು ಶಿಫಾರಸು ಮಾಡುವುದಿಲ್ಲ.

ರಾತ್ರಿ ಕಲಸಿ ಫ್ರಿಜ್‌ನಲ್ಲಿಡುವುದಕ್ಕಿಂತ ಕತ್ತರಿಸಿ ಫ್ರೀಜರ್‌ಗೆ ಹಾಕುವುದು ಒಳ್ಳೆಯದು. ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಗಟ್ಟಿಯಾಗಲಿ, ಆಮೇಲೆ ಡಬ್ಬಿಗೆ ತುಂಬಿ. ಒಂದು ತಿಂಗಳು ಇರುತ್ತದೆ. ಕರಗಿಸಲು ಹೋಗಬೇಡಿ, ಹಾಗೇ 200 ಡಿಗ್ರಿಗೆ ಇಟ್ಟು 20–22 ನಿಮಿಷ ಬೇಯಿಸಿ. ಸೋಡಾ ಹಾಕಿದ ಹಿಟ್ಟಿಗೆ ಈ ಉಪಾಯ ಬೇಡ, ಹಾಲಿನ ಲೆಕ್ಕದ್ದಕ್ಕೆ ಮಾತ್ರ.

ಮೊದಲ ಸಲ ಸರಿ ಬರದಿದ್ದರೆ ಎಲ್ಲಿ ನೋಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹರಡಿ ಚಪ್ಪಟೆಯಾದರೆ ದ್ರವ ಜಾಸ್ತಿ ಅಥವಾ ಬೆಣ್ಣೆ ಕರಗಿತ್ತು. ಮುಂದಿನ ಸಲ ಕತ್ತರಿಸಿದ ಮೇಲೆ 15 ನಿಮಿಷ ಫ್ರೀಜರ್‌ನಲ್ಲಿಟ್ಟು ಬೇಯಿಸಿ. ಚಪ್ಪಟೆಯೂ ಅಲ್ಲ, ಹರಡಿಯೂ ಇಲ್ಲ, ಸುಮ್ಮನೆ ಏಳಲೇ ಇಲ್ಲ ಅಂದರೆ ಬೇಕಿಂಗ್ ಪೌಡರ್ ಸತ್ತಿದೆ. ಒಂದು ಟೀ ಚಮಚವನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿ, ಜೋರಾಗಿ ನೊರೆ ಬರದಿದ್ದರೆ ಡಬ್ಬಿಯನ್ನೇ ಎಸೆಯಿರಿ. ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ತೇವ ಕುಡಿದು ಬೇಗ ಹಾಳಾಗುತ್ತದೆ, ಮುದ್ರಿಸಿದ ತಾರೀಖು ನಂಬಬೇಡಿ. ಒಂದು ಕಡೆ ವಾಲಿದರೆ ಚಾಕು ಎಳೆದು ಕುಯ್ದಿದ್ದೀರಿ ಅಥವಾ ಬಳೆ ತಿರುಚಿದ್ದೀರಿ. ಮೈಮೇಲೆ ಕಂದು ಚುಕ್ಕೆ ಬಿದ್ದರೆ ಬೇಕಿಂಗ್ ಪೌಡರ್ ಸರಿಯಾಗಿ ಜರಡಿಯಾಗಿಲ್ಲ. ಹೊರಗೆ ಕಲ್ಲು, ಒಳಗೆ ಒಣಕಲು ಅಂದರೆ ಶಾಖ ಕಡಿಮೆ ಇಟ್ಟು ಹೊತ್ತು ಹೆಚ್ಚು ಬೇಯಿಸಿದ ಫಲ. ಸ್ಕೋನ್‌ಗೆ ಜೋರು ಶಾಖ, ಕಡಿಮೆ ಹೊತ್ತು.

ಬೆಂದ ಮೇಲೆ ತಟ್ಟೆಯಲ್ಲೇ ಬಿಟ್ಟರೆ ತಳ ಬೆವರುತ್ತದೆ, ತಂತಿ ಜಾಲರಿಗೆ ಎತ್ತಿಡಿ. ಹತ್ತು ನಿಮಿಷ ಬಿಟ್ಟು ಚಾಕು ಬಳಸದೆ ಕೈಯಲ್ಲೇ ಬಿಡಿಸಿ. ಬಿಸಿಯಾಗಿದ್ದಾಗ ಕುಯ್ದರೆ ಒಳಗೆ ಅಂಟಂಟಾಗಿ ಬೆಂದಿಲ್ಲವೇನೋ ಅನಿಸುತ್ತದೆ. ಉಳಿದದ್ದನ್ನು ಮಾರನೆಯ ದಿನ 160 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಆರಿದ ಮೇಲೆ ರಬ್ಬರ್ ಆಗುತ್ತದೆ.

ಪಾಂಡವಪುರ_ಪಾಕಶಾಲೆ:

ಕಾವಲಿ ಲೆಕ್ಕಕ್ಕೂ ಈ ಫ್ರೀಜರ್ ಉಪಾಯ ಆಗುತ್ತಾ?

ಕಾವಲಿ_ಕೈಚಳಕ:

ಫ್ರೀಜರ್‌ನಿಂದ ನೇರ ಕಾವಲಿಗೆ ಬೇಡ, ನಡು ಬೇಯೋದ್ರೊಳಗೆ ತಳ ಕಪ್ಪಾಗುತ್ತೆ. ಹಿಂದಿನ ರಾತ್ರಿ ತೆಗೆದು ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ, ಬೆಳಿಗ್ಗೆ ಮೆತ್ತಗಾಗಿರುತ್ತೆ, ಆದರೆ ಬೆಣ್ಣೆ ತಣ್ಣಗೇ ಇರುತ್ತೆ. ಜೊತೆಗೆ ಹುರಿಗಡಲೆ ಚಟ್ನಿ ಗಟ್ಟಿಯಾಗಿ ರುಬ್ಬಿಕೊಳ್ಳಿ, ನೀರು ಚಟ್ನಿ ಆದ್ರೆ ಸ್ಕೋನ್ ಎಲ್ಲ ಹೀರಿಕೊಳ್ಳುತ್ತೆ.